ಟೈಟಲ್ ಓಡುವಾಗಲೇ ಎದೆ ಡವಡವ

ಓದುಗರ ಪ್ರಶ್ನೆ, ಕ್ಯಾಬಿನ್ ಕಿಂಡಿಯಿಂದ ಉತ್ತರ

(ಈ ಅಂಕಣ ಬರೆಯುವವರು ಮೈಸೂರಿನ ಥಿಯೇಟರೊಂದರಲ್ಲಿ ಬಹಳ ಕಾಲ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ಈ ಸಲ ಥ್ರಿಲ್ಲರ್ ಸಿನಿಮಾಗಳ ಟೈಟಲ್, ಅಂದರೆ ಶುರುವಿನಲ್ಲಿ ಹೆಸರುಗಳು ಬರುವ ಭಾಗದ ಬಗ್ಗೆ ಬಂದ ಪ್ರಶ್ನೆಗಳು.)

ಪ್ರಶ್ನೆ: ಸಾರ್, ಮೊನ್ನೆ ಹಳೇ ‘ಸೈಕೋ’ ಸಿನಿಮಾ ನೋಡಿದೆ. ಶುರುವಿನಲ್ಲಿ ಬರೀ ಬೂದು ಬಣ್ಣದ ಗೆರೆಗಳು, ನಡುವೆ ಹೆಸರುಗಳು. ಒಬ್ಬ ಮನುಷ್ಯನೂ ಕಾಣುವುದಿಲ್ಲ. ಆದರೂ ಒಂಥರಾ ಭಯ ಆಯಿತು. ಏನೂ ನಡೆಯದೇ ಇದ್ದರೂ ಭಯ ಯಾಕೆ?
– ಕಾಲೇಜು ವಿದ್ಯಾರ್ಥಿನಿ, ಮದ್ದೂರು

ಉತ್ತರ: ನೋಡಮ್ಮ, ಏನೂ ನಡೆಯುತ್ತಿಲ್ಲ ಅಂತ ಹೇಳಿದ್ದು ನಿನ್ನ ಕಣ್ಣು. ಕಿವಿ ಹಾಗೆ ಹೇಳಲಿಲ್ಲ. ತೆರೆಯ ಮೇಲೆ ಅಕ್ಷರ ಬಂತು ಅಂದರೆ ಕಣ್ಣು ಅದನ್ನು ಓದಲೇಬೇಕು. ಓದಲ್ಲ ಅಂತ ಹಟ ಹಿಡಿದರೂ ಓದಿಬಿಡುತ್ತದೆ. ಥ್ರಿಲ್ಲರ್ ಟೈಟಲ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಕಣ್ಣಿಗೆ ಓದುವ ಕೆಲಸ ಹಚ್ಚುತ್ತಾರೆ. ಅದು ಆ ಕಡೆ ತಿರುಗಿದಾಗ ಈ ಕಡೆಯಿಂದ ಕಿವಿಯೊಳಗೆ ಭಯ ಬಿಡುತ್ತಾರೆ. ಭಯ ಎಲ್ಲಿಂದ ಬಂತು ಅಂತ ನಿನಗೆ ಗೊತ್ತಾಗುವುದಿಲ್ಲ. ಗೊತ್ತಾಗದ ಭಯವೇ ಜಾಸ್ತಿ ಹೊತ್ತು ಉಳಿಯುವುದು.

‘ಸೈಕೋ’ 1960ರ ಸಿನಿಮಾ. ಟೈಟಲ್ ರೂಪಿಸಿದ್ದು ಸಾಲ್ ಬಾಸ್, ಸಂಗೀತ ಬರ್ನಾರ್ಡ್ ಹರ್ಮನ್ ಅವರದು. ಹರ್ಮನ್ ಇಡೀ ಸಿನಿಮಾಕ್ಕೆ ತಂತಿ ವಾದ್ಯ ಬಿಟ್ಟು ಬೇರೇನೂ ಬಳಸಲಿಲ್ಲ. ಡ್ರಮ್ ಇಲ್ಲ, ಕಹಳೆ ಇಲ್ಲ. ಬರೀ ಪಿಟೀಲಿನ ಕುಟುಂಬ, ಒಂದೇ ಸಮನೆ ಓಡುತ್ತದೆ, ಉಸಿರಾಡಲು ಬಿಡುವುದಿಲ್ಲ. ಇತ್ತ ಗೆರೆಗಳು ಅಡ್ಡ ಓಡುತ್ತವೆ, ಉದ್ದ ಓಡುತ್ತವೆ. ಹೆಸರು ಬರುವುದೇ ಸೀಳಿಕೊಂಡು. ಒಂದು ಗಳಿಗೆ ಕೂಡಿಕೊಂಡು ನೆಟ್ಟಗೆ ನಿಲ್ಲುತ್ತದೆ. ಆಮೇಲೆ ಮತ್ತೆ ಚೂರು. ಸರಿಯಾಗಿ ಓದಿ ಮುಗಿಸಿದೆ ಅನ್ನುವ ನೆಮ್ಮದಿಯೇ ಸಿಗುವುದಿಲ್ಲ.

ಇದಕ್ಕಿಂತ ದೊಡ್ಡ ಕೆಲಸ ಮುಂದೆ ಇದೆ. ಕಥೆಯಲ್ಲಿ ಆ ಹುಡುಗಿ ಕದ್ದ ದುಡ್ಡು ಇಟ್ಟುಕೊಂಡು ಕಾರು ಓಡಿಸಿಕೊಂಡು ಹೋಗುತ್ತಾಳಲ್ಲ, ಆ ಜಾಗ ಇನ್ನೊಂದು ಸಲ ನೋಡು. ತೆರೆಯ ಮೇಲೆ ಇರುವುದು ಸ್ಟಿಯರಿಂಗ್ ಹಿಡಿದ ಒಂದು ಮುಖ, ಅಷ್ಟೇ. ಆದರೆ ಟೈಟಲ್‌ನಲ್ಲಿ ಬಂದ ಸಂಗೀತವೇ ಅಲ್ಲಿ ಮತ್ತೆ ಬರುತ್ತದೆ. ನಿನ್ನ ಕಿವಿ ಅದನ್ನು ಗುರುತು ಹಿಡಿಯುತ್ತದೆ. ಸುಮ್ನೆ ಕಾರು ಓಡಿಸುವ ದೃಶ್ಯಕ್ಕೆ ಎದೆ ಹೊಡೆದುಕೊಳ್ಳುವುದು ಅದಕ್ಕೇ. ಟೈಟಲ್ ಅಲ್ಲಿ ನಿನ್ನ ಕಿವಿಗೆ ಪಾಠ ಹೇಳಿಕೊಟ್ಟಿತ್ತು, ಇಲ್ಲಿ ಪರೀಕ್ಷೆ.

ಇನ್ನೊಂದು ಸಣ್ಣ ವಿಷಯ. ಗೆರೆಗಳು ಮುಗಿದ ಮೇಲೆ ಊರು ಕಾಣುತ್ತದೆ, ಅದರ ಮೇಲೆ ಬರಹ: ಫೀನಿಕ್ಸ್, ಅರಿಜೋನಾ. ಶುಕ್ರವಾರ, ಡಿಸೆಂಬರ್ 11. ಮಧ್ಯಾಹ್ನ 2 ಗಂಟೆ 43 ನಿಮಿಷ. ‘ಒಂದು ಮಧ್ಯಾಹ್ನ’ ಅಂದಿದ್ದರೆ ಸಾಕಿತ್ತಲ್ವಾ? ನಿಮಿಷದ ಲೆಕ್ಕ ಬರೆಯುವುದು ಪೊಲೀಸ್ ಸ್ಟೇಷನ್ನಿನಲ್ಲಿ. ಯಾರೋ ಇದನ್ನೆಲ್ಲ ಆಮೇಲೆ ಕೂತು ವಿಚಾರಣೆ ಮಾಡಿದ್ದಾರೆ, ಹಾಗಾದರೆ ಏನೋ ನಡೆದಿದೆ ಅಂತ ಆ 43 ನಿಮಿಷವೇ ಹೇಳಿಬಿಡುತ್ತದೆ.

ಪ್ರಶ್ನೆ: ನಮ್ಮ ಕಾಲದಲ್ಲಿ ಟೈಟಲ್ ಅಂದರೆ ಸೀಟು ಹುಡುಕಿಕೊಳ್ಳುವ ಸಮಯ. ಅದೂ ಸಿನಿಮಾದ ಭಾಗ ಅಂತ ಆದದ್ದು ಯಾವಾಗ?
– ನಿವೃತ್ತ ಬ್ಯಾಂಕ್ ನೌಕರರು, ಸರಸ್ವತಿಪುರಂ, ಮೈಸೂರು

ಉತ್ತರ: ನೀವು ಹೇಳುವುದು ನಿಜ. ಅಮೆರಿಕದಲ್ಲೂ ಅದೇ ಕಥೆ ಇತ್ತು. ಟೈಟಲ್ ಮುಗಿಯುವ ತನಕ ಎಷ್ಟೋ ಕಡೆ ಪರದೆಯನ್ನೇ ತೆಗೆಯುತ್ತಿರಲಿಲ್ಲ. ಹೆಸರುಗಳು ಬಟ್ಟೆಯ ಮೇಲೆ ಬಿದ್ದು ಹೋಗುತ್ತಿದ್ದವು. 1955ರಲ್ಲಿ ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್’ ಬಂತು. ಅದರ ಟೈಟಲ್ ಕೂಡ ಸಾಲ್ ಬಾಸ್ ಅವರದೇ. ಥಿಯೇಟರುಗಳಿಗೆ ಹೋದ ರೀಲಿನ ಡಬ್ಬಿಗಳ ಮೇಲೆ ಒಂದು ಚೀಟಿ ಅಂಟಿಸಿ ಕಳಿಸಿದ್ದರು: ಆಪರೇಟರೇ, ಟೈಟಲ್‌ಗೂ ಮುಂಚೆ ಪರದೆ ಎಳೆದು ತೆಗೆಯಿರಿ ಅಂತ. ನನ್ನ ಕಸುಬಿನವರಿಗೆ ನೇರವಾಗಿ ಬರೆದ ಆ ಚೀಟಿಯ ವಿಷಯ ಓದಿದಾಗ ನನಗೆ ತುಂಬಾ ಸಂತೋಷವಾಗಿತ್ತು. ಐದು ವರ್ಷ ಆದ ಮೇಲೆ ‘ಸೈಕೋ’ಗೆ ಅದರ ನಿರ್ದೇಶಕ ಹಿಚ್‌ಕಾಕ್ ಇನ್ನೂ ಬಿಗಿ ಮಾಡಿದರು. ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂದರು.

ನಮ್ಮ ಕ್ಯಾಬಿನ್ನಿನಿಂದ ಕಾಣುತ್ತಿದ್ದದ್ದನ್ನು ಹೇಳುತ್ತೇನೆ. ಬೆಲ್ ಹೊಡೆದು ಲೈಟು ಆರಿದ ಮೇಲೂ ಗೇಟ್‌ಕೀಪರ್ ಟಾರ್ಚು ಸೆಕೆಂಡ್ ಕ್ಲಾಸಿನ ಸಾಲುಗಳಲ್ಲಿ ಓಡಾಡುತ್ತಲೇ ಇರುತ್ತಿತ್ತು. ಹೀರೋ ಹೆಸರು ಬಂದರೆ ಶಿಳ್ಳೆ, ತೆರೆಗೆ ಚಿಲ್ಲರೆ ತೂರುವುದು. ಸಸ್ಪೆನ್ಸ್ ಸಿನಿಮಾ ಆದರೆ ಟಾರ್ಚು ಅದೇ, ಜನ ಅವರೇ, ಆದರೆ ಮೂರ್ನಾಲ್ಕು ಹೆಸರು ದಾಟುವಷ್ಟರಲ್ಲಿ ಮಾತು ಇಳಿಯುತ್ತಿತ್ತು. ಹಿಂದಿನ ಸಾಲಿನವರು ಮುಂದಿನವರಿಗೆ ‘ಕೂತ್ಕೊಳ್ರೀ’ ಅನ್ನುವುದು ಕೇಳಿಸುತ್ತಿತ್ತು. ಕಥೆ ಒಂದಿಂಚೂ ಶುರುವಾಗಿರುತ್ತಿರಲಿಲ್ಲ. 35 ಎಂ.ಎಂ. ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡು ನಿಮಿಷದ ಟೈಟಲ್ ಅಂದರೆ 180 ಅಡಿ. ಆ 180 ಅಡಿಯಲ್ಲಿ ಇಡೀ ಹಾಲ್ ಬಾಯಿ ಮುಚ್ಚಿ ಕೂರಿಸುವುದು ಸಣ್ಣ ಕೆಲಸ ಅಲ್ಲ.

ಪ್ರಶ್ನೆ: ನಾವಿಬ್ಬರು ಗೆಳೆಯರು ಊರಿನ ಆಲೆಮನೆಯಲ್ಲಿ ಹದಿನೈದು ನಿಮಿಷದ ಥ್ರಿಲ್ಲರ್ ಕಿರುಚಿತ್ರ ಮಾಡುತ್ತಿದ್ದೇವೆ. ಆಲೆಮನೆ ಯಜಮಾನ ಒಂದು ರಾತ್ರಿ ಕಾಣೆಯಾಗುತ್ತಾನೆ, ಅದೇ ಕಥೆ. ಟೈಟಲ್‌ಗೆ ಕಬ್ಬಿನ ಗದ್ದೆ ಮೇಲೆ ಡ್ರೋನ್ ಶಾಟ್ ತೆಗೆದಿದ್ದೇವೆ. ರಕ್ತ ತೊಟ್ಟಿಕ್ಕುವ ಅಕ್ಷರ ಡೌನ್‌ಲೋಡ್ ಮಾಡಿದ್ದೇವೆ. ನೋಡಿದವರು ‘ಚೆನ್ನಾಗಿದೆ’ ಅಂತಾರೆ, ಆದರೆ ಯಾರಿಗೂ ಭಯ ಆಗುತ್ತಿಲ್ಲ. ಖರ್ಚು ಮಾಡಲು ಇನ್ನು ದುಡ್ಡಿಲ್ಲ.
– ಇಬ್ಬರು ಗೆಳೆಯರು, ಮಂಡ್ಯ ತಾಲ್ಲೂಕು

ಉತ್ತರ: ತಮ್ಮಂದಿರಾ, ಈ ತಿಂಗಳು ನನಗೆ ತುಂಬಾ ಹಿಡಿಸಿದ ಪತ್ರ ನಿಮ್ಮದು. ದುಡ್ಡಿಲ್ಲದೇ ಇರುವುದು ಒಳ್ಳೆಯದೇ ಆಯಿತು.

ಮೊದಲು ಆ ರಕ್ತದ ಅಕ್ಷರ ತೆಗೆದುಹಾಕಿ. ನಿಮ್ಮ ಕಥೆ ಏನು? ಯಜಮಾನ ಕಾಣೆ. ಬದುಕಿದ್ದಾನಾ, ಸತ್ತಿದ್ದಾನಾ, ತಾನೇ ಹೋದನಾ, ಯಾರಿಗೂ ಗೊತ್ತಿಲ್ಲ. ಆದರೆ ನಿಮ್ಮ ಅಕ್ಷರ ಮೊದಲ ಸೆಕೆಂಡಿನಲ್ಲೇ ‘ಕೊಲೆ’ ಅಂತ ಹೇಳಿಬಿಟ್ಟಿತು. ಪ್ರಶ್ನೆ ಕೇಳುವುದಕ್ಕೆ ಮುಂಚೆಯೇ ಉತ್ತರ ಕೊಟ್ಟರೆ ಇನ್ನು ಯಾತಕ್ಕೆ ಕಾಯಬೇಕು?

ಡ್ರೋನ್ ಶಾಟ್ ತಪ್ಪಲ್ಲ. ಅದು ಯಾರ ಕಣ್ಣು ಅಂತ ನೀವು ಯೋಚನೆ ಮಾಡಿಲ್ಲ, ಅಷ್ಟೇ. 1980ರ ‘ದಿ ಶೈನಿಂಗ್’ ಟೈಟಲ್ ನೋಡಿ. ಅದೂ ಮೇಲಿನಿಂದ ತೆಗೆದದ್ದೇ, ಹೆಲಿಕಾಪ್ಟರಿನಿಂದ. ಅಮೆರಿಕದ ಮೊಂಟಾನಾ ರಾಜ್ಯದ ಗ್ಲೇಸಿಯರ್ ನ್ಯಾಷನಲ್ ಪಾರ್ಕಿನ ಬೆಟ್ಟದ ರಸ್ತೆ. ಕೆಳಗೆ ಒಂದು ಹಳದಿ ಕಾರು, ಇರುವೆಯಷ್ಟು ಚಿಕ್ಕದು. ಕ್ಯಾಮೆರಾ ಅದರ ಬೆನ್ನು ಬಿಡುವುದಿಲ್ಲ. ಒಂದು ಕಡೆ ಹತ್ತಿರ ಬಂದು, ಕಾರನ್ನು ದಾಟಿ, ರಸ್ತೆ ಬಿಟ್ಟು ಹೊರಗೆ ಹಾರಿಬಿಡುತ್ತದೆ. ಅಲ್ಲಿ ಮೈ ಜುಂ ಅನ್ನುತ್ತದೆ. ಇಷ್ಟು ಹೊತ್ತು ನೋಡುತ್ತಾ ಇದ್ದವರು ಯಾರು? ಸಂಗೀತ ಬೇರೆ ಸತ್ತವರಿಗಾಗಿ ಚರ್ಚಿನಲ್ಲಿ ಹಾಡುತ್ತಿದ್ದ ಹಳೇ ಲ್ಯಾಟಿನ್ ಹಾಡಿನ ಧಾಟಿ, ವೆಂಡಿ ಕಾರ್ಲೋಸ್ ಮತ್ತು ರೇಚಲ್ ಎಲ್ಕಿಂಡ್ ಸಿಂಥಸೈಸರ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯದಲ್ಲಿ ನುಡಿಸಿದ್ದು. ಹೆಸರುಗಳೋ, ಸಿನಿಮಾ ಮುಗಿದ ಮೇಲೆ ಬರುವ ಹಾಗೆ ಕೆಳಗಿನಿಂದ ಮೇಲಕ್ಕೆ ಸಾಗುತ್ತವೆ. ಸಿನಿಮಾದಲ್ಲಿ ಬರುವ ಮನೆಯವರ ಕಥೆ ಶುರುವಾಗುವ ಮೊದಲೇ ಮುಗಿದುಹೋದ ಹಾಗೆ. ನಿಮ್ಮ ಡ್ರೋನ್ ಹಿಂಬಾಲಿಸಲು ಕೆಳಗೆ ಯಾರಿದ್ದಾರೆ? ಬರೀ ಕಬ್ಬು. ಅದಕ್ಕೇ ನೋಡಿದವರು ‘ಚೆನ್ನಾಗಿದೆ’ ಅಂದರು.

ಈಗ ಡ್ರೋನ್ ಪಕ್ಕಕ್ಕಿಟ್ಟು ಆಲೆಮನೆ ಬಾಗಿಲಿಗೆ ಬನ್ನಿ. ಬೆಲ್ಲ ಮಾಡುವ ಜಾಗ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಾರೆ. ಮೊಬೈಲನ್ನು ಒಂದು ಇಟ್ಟಿಗೆಗೆ ಒರಗಿಸಿ ನೆಲದ ಮಟ್ಟದಲ್ಲಿ ಇಡಿ, ಅಲುಗಾಡಬಾರದು. ಚೌಕಟ್ಟಿನಲ್ಲಿ ಚಪ್ಪಲಿಗಳ ಸಾಲು. ಮೊದಲ ಹೆಸರು ಬರಲಿ. ಹೋಗಲಿ. ಸಾಲಿನಲ್ಲಿ ಒಂದು ಜೊತೆ ಕಡಿಮೆ. ಎರಡನೇ ಹೆಸರು ಬಂದು ಹೋಯಿತು, ಇನ್ನೊಂದು ಜೊತೆ ಇಲ್ಲ. ಬೆಳಕೂ ಸಂಜೆಯಿಂದ ಕತ್ತಲೆ ಕಡೆಗೆ ಇಳಿಯುತ್ತಾ ಹೋಗಲಿ. ಕಾಲು ತೋರಿಸಬೇಡಿ, ಮುಖ ತೋರಿಸಬೇಡಿ. ಕೊನೆಗೆ ನಿಮ್ಮ ನಿರ್ದೇಶಕನ ಹೆಸರು ಬಂದು ಹೋದಾಗ ಒಂದೇ ಒಂದು ಜೊತೆ ಉಳಿದಿರಬೇಕು, ಹಿಮ್ಮಡಿ ಸವೆದ ದೊಡ್ಡ ಚಪ್ಪಲಿ. ಮುಂದಿನ ದೃಶ್ಯದಲ್ಲಿ ಯಜಮಾನನ ಮನೆಯವರು ‘ಇನ್ನೂ ಬಂದಿಲ್ಲ’ ಅಂದರೆ ಸಾಕು. ನೋಡುವವನಿಗೆ ಎಲ್ಲರಿಗಿಂತ ಮುಂಚೆ ಗೊತ್ತು: ಆ ಮನುಷ್ಯ ಹೊರಗೆ ಬಂದೇ ಇಲ್ಲ. ಗೊತ್ತಿದ್ದೂ ತೆರೆಯೊಳಗಿನವರಿಗೆ ಹೇಳಲು ಆಗುವುದಿಲ್ಲ. ಸಸ್ಪೆನ್ಸ್ ಕಟ್ಟುವುದು ಅಂದರೆ ಇದೇ.

ಸದ್ದು ಬೇರೆಯಾಗಿ ರೆಕಾರ್ಡ್ ಮಾಡಿ. ಗಾಣದ ಮೋಟರಿನ ಹತ್ತಿರ ಫೋನ್ ಹಿಡಿದು ಒಂದು ಸಲ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಒಂದು ಸಲ. ಟೈಟಲ್ ಪೂರ್ತಿ ಮೋಟರ್ ಸದ್ದು ಇರಲಿ, ಸಂಗೀತ ಬೇಡವೇ ಬೇಡ. ಕೊನೆಯ ಜೊತೆ ಚಪ್ಪಲಿ ಉಳಿದಾಗ ಮೋಟರ್ ಟಕ್ ಅಂತ ನಿಲ್ಲಿಸಿ. ಕುದಿಯುವ ಸದ್ದು ಮಾತ್ರ ಉಳಿಯಲಿ. ಅಲ್ಲಿಯ ತನಕ ಮೋಟರ್ ಇದೆ ಅಂತಲೇ ಯಾರಿಗೂ ಅನಿಸಿರುವುದಿಲ್ಲ. ನಿಂತ ತಕ್ಷಣ ಎಲ್ಲರೂ ತಲೆ ಎತ್ತುತ್ತಾರೆ.

ಇನ್ನು ಅಕ್ಷರ. ಸೀಳುವ, ನಡುಗುವ ಎಫೆಕ್ಟುಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಮಾಡಿದ್ದು. ಅವು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ನಮ್ಮ ಅಕ್ಷರ ಮೇಲೆ ತಲೆಕಟ್ಟು ಹೊತ್ತುಕೊಂಡು, ಕೆಳಗೆ ಒತ್ತು ಇಳಿಬಿಟ್ಟುಕೊಂಡು ಇರುತ್ತದೆ. ಅಡ್ಡ ಸೀಳಿದರೆ ಮೊದಲು ಕಳೆದುಹೋಗುವುದು ಒತ್ತು. ಮದ್ದೂರು ಹೋಗಿ ಮದೂರು ಆಗುತ್ತದೆ, ಓದುವವನಿಗೆ ಭಯ ಆಗಲ್ಲ, ಗೊಂದಲ ಆಗುತ್ತದೆ. ಆದ್ದರಿಂದ ಸಾದಾ ಅಕ್ಷರ, ಬಿಳಿ, ಚಿಕ್ಕದು, ಸಾಲುಗಳ ನಡುವೆ ಧಾರಾಳ ಜಾಗ. ಪ್ರತಿ ಹೆಸರು ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ನಿಲ್ಲಲಿ, ಸುಮಾರು ಮೂರು ಸೆಕೆಂಡು. ಹದಿನೈದು ನಿಮಿಷದ ಚಿತ್ರಕ್ಕೆ ಒಟ್ಟು ಟೈಟಲ್ ಒಂದು ನಿಮಿಷ ದಾಟದಿರಲಿ. ಮಾಡಿ ಮುಗಿಸಿದ ಮೇಲೆ ನನಗೂ ಕಳಿಸಿ, ನೋಡುವ ಆಸೆ ಇದೆ.

ಪ್ರಶ್ನೆ: ‘ವರ್ಟಿಗೋ’ ಟೈಟಲ್‌ನಲ್ಲಿ ಕಣ್ಣಿನೊಳಗಿಂದ ಸುರುಳಿಗಳು ತಿರುಗಿಕೊಂಡು ಬರುತ್ತವೆ. 1958ರಲ್ಲಿ ಈಗಿನ ಹಾಗೆ ಕಂಪ್ಯೂಟರ್ ಇರಲಿಲ್ಲ. ಹೇಗೆ ಮಾಡಿದರು?
– ಕಾವಾ ವಿದ್ಯಾರ್ಥಿ, ಮೈಸೂರು

ಉತ್ತರ: ಜಾನ್ ವಿಟ್ನಿ ಅಂತ ಒಬ್ಬರು ಮಾಡಿದ್ದು. ಎರಡನೇ ಮಹಾಯುದ್ಧದಲ್ಲಿ ವಿಮಾನಗಳಿಗೆ ಫಿರಂಗಿ ಗುರಿ ಇಡಲು ಒಂದು ಲೆಕ್ಕದ ಯಂತ್ರ ಬಳಸುತ್ತಿದ್ದರು. ಯುದ್ಧ ಮುಗಿದ ಮೇಲೆ ಅದು ಗುಜರಿ ಸಾಮಾನು. ವಿಟ್ನಿ ಅದನ್ನು ತಂದು ಸುರುಳಿ ಬರೆಸಲು ಬಳಸಿಕೊಂಡರು. ಒಟ್ಟು ಟೈಟಲ್ ವಿನ್ಯಾಸ ಸಾಲ್ ಬಾಸ್ ಅವರದು.

ಚಿತ್ರಕಲೆ ಓದುತ್ತಿದ್ದೀರಿ, ಹಾಗಾಗಿ ಸುರುಳಿಗಿಂತ ಅದರ ಹಿಂದಿನ ಮುಖ ನೋಡಿ ಅಂತ ಹೇಳುತ್ತೇನೆ. ಒಬ್ಬ ಹೆಂಗಸಿನ ಮುಖ, ಆದರೆ ಪೂರ್ತಿ ಕೊಡುವುದಿಲ್ಲ. ತುಟಿ ಒಂದು ಸಲ. ಕಣ್ಣುಗಳು ಒಂದು ಸಲ, ಅವು ಆ ಕಡೆ ಈ ಕಡೆ ಹೊರಳುತ್ತವೆ. ಆಮೇಲೆ ಒಂದೇ ಕಣ್ಣು, ತೆರೆಯೆಲ್ಲ ಕೆಂಪು, ಆ ಕಣ್ಣಿನ ಒಳಗಿಂದ ಸಿನಿಮಾ ಹೆಸರು ಎದ್ದು ಬರುತ್ತದೆ. ಅಷ್ಟು ಹತ್ತಿರದಿಂದ ನೋಡಿದರೂ ಅವಳು ಯಾರು ಅಂತ ಹೇಳಲು ಬರುವುದಿಲ್ಲ. ಮುಂದೆ ಇಡೀ ಸಿನಿಮಾ ಕೇಳುವ ಪ್ರಶ್ನೆಯೂ ಅದೇ.

ಪ್ರಶ್ನೆ: ನಮ್ಮಲ್ಲಿ ಸಿನಿಮಾ ಶುರುವಿಗೆ ಮುಂಚೆ ತಂಬಾಕಿನ ಜಾಹೀರಾತು, ಸೆನ್ಸಾರ್ ಸರ್ಟಿಫಿಕೇಟ್, ಕೃತಜ್ಞತೆಗಳ ಪಟ್ಟಿ. ಇಷ್ಟೆಲ್ಲ ಆದ ಮೇಲೆ ಸಸ್ಪೆನ್ಸ್ ಎಲ್ಲಿಂದ ಬರಬೇಕು?
– ಔಷಧಿ ಅಂಗಡಿಯವರು, ನಂಜನಗೂಡು

ಉತ್ತರ: ಸರ್ಟಿಫಿಕೇಟು, ಎಚ್ಚರಿಕೆ ಎರಡೂ ಕಾನೂನು, ಬಿಡಲಾಗದು. ತಂಬಾಕಿನ ದೃಶ್ಯ ಇರುವ ಸಿನಿಮಾಗಳಿಗೆ 30 ಸೆಕೆಂಡಿನ ಎಚ್ಚರಿಕೆ 2012ರಿಂದ ಕಡ್ಡಾಯವಾಗಿ ಬರುತ್ತಿದೆ, ಅದು ಬರಲೇಬೇಕಾದದ್ದೇ. ನಿರ್ದೇಶಕರು ಮಾಡಬಹುದಾದ್ದು ಒಂದಿದೆ. ಇವೆಲ್ಲ ಮುಗಿದ ಮೇಲೆ ತಕ್ಷಣ ಢಂ ಅಂತ ಶುರು ಮಾಡದೆ, ನಾಲ್ಕೈದು ಸೆಕೆಂಡು ಪೂರ್ತಿ ಕಪ್ಪು, ಪೂರ್ತಿ ನಿಶ್ಶಬ್ದ ಕೊಡಲಿ. ಹಾಲ್‌ನಲ್ಲಿ ಜನ ‘ಕರೆಂಟ್ ಹೋಯ್ತಾ’ ಅಂತ ಹಿಂದೆ ತಿರುಗಿ ನನ್ನ ಕಿಂಡಿ ಕಡೆ ನೋಡುತ್ತಿದ್ದರು. ಆ ತಿರುಗಿದ ಗಳಿಗೆಯಲ್ಲಿ ಸದ್ದು ಶುರುವಾಗಬೇಕು.

ಕೃತಜ್ಞತೆಗಳ ಪಟ್ಟಿ ಮಾತ್ರ ದಯವಿಟ್ಟು ಕೊನೆಗೆ ಹಾಕಲಿ. ಸಹಾಯ ಮಾಡಿದವರಿಗೂ ಅದರಿಂದ ಅವಮಾನ ಏನಿಲ್ಲ.

ಪ್ರಶ್ನೆ: ದೃಶ್ಯದ ಮೇಲೆ ಹೆಸರು ಹಾಕುವುದು ಒಳ್ಳೆಯದಾ, ಕಪ್ಪು ತೆರೆ ಮೇಲೆ ಹಾಕುವುದಾ?
– ಶಾಲಾ ಶಿಕ್ಷಕಿ, ಕುವೆಂಪುನಗರ, ಮೈಸೂರು

ಉತ್ತರ: ಮೇಡಂ, ಈ ಪ್ರಶ್ನೆಗೆ ಒಂದೇ ಸಿನಿಮಾ ಎರಡು ರೂಪದಲ್ಲಿ ಉತ್ತರ ಕೊಟ್ಟಿದೆ. 1958ರ ‘ಟಚ್ ಆಫ್ ಈವಿಲ್’, ಆರ್ಸನ್ ವೆಲ್ಸ್ ಅವರದು. ಯಾರೋ ಒಬ್ಬ ಬಾಂಬಿಗೆ ಗಡಿಯಾರ ತಿರುಗಿಸಿ ಕಾರಿನ ಡಿಕ್ಕಿಯಲ್ಲಿ ಇಟ್ಟು ಓಡುತ್ತಾನೆ. ಗೊತ್ತಿಲ್ಲದ ಜೋಡಿಯೊಂದು ಬಂದು ಆ ಕಾರು ಹತ್ತುತ್ತದೆ. ಗಡಿ ಊರಿನ ಬೀದಿಗಳಲ್ಲಿ ಕಾರು ನಿಧಾನವಾಗಿ ಸಾಗುತ್ತದೆ, ಕ್ಯಾಮೆರಾ ಮೂರು ನಿಮಿಷಕ್ಕೂ ಜಾಸ್ತಿ ಒಂದು ಕಟ್ ಕೂಡ ಇಲ್ಲದೆ ಜೊತೆಗೇ ಹೋಗುತ್ತದೆ. ಸ್ಟುಡಿಯೋದವರು ಅದರ ಮೇಲೆ ಹೆಸರುಗಳನ್ನೂ ಹೆನ್ರಿ ಮ್ಯಾನ್ಸಿನಿ ಅವರ ಸಂಗೀತವನ್ನೂ ಹಾಕಿ ಬಿಡುಗಡೆ ಮಾಡಿದರು. ಸಿನಿಮಾ ಹೇಗಿರಬೇಕು ಅಂತ ವೆಲ್ಸ್ 58 ಪುಟದ ಪತ್ರ ಬರೆದಿದ್ದರು. ಆ ಪತ್ರ ಇಟ್ಟುಕೊಂಡು ವಾಲ್ಟರ್ ಮರ್ಚ್ 1998ರಲ್ಲಿ ಮತ್ತೆ ಎಡಿಟ್ ಮಾಡಿದರು. ಶುರುವಿನ ಹೆಸರುಗಳು ಹೋದವು. ಸಂಗೀತದ ಬದಲು ಬೀದಿ ಬದಿಯ ಬಾರುಗಳ ಹಾಡು, ಕಾರಿನ ರೇಡಿಯೋ ಸದ್ದು ಬಂತು.

ನನಗೆ 1998ರದ್ದೇ ಮೇಲು. ಮೊದಲ ಉತ್ತರದಲ್ಲಿ ಕಣ್ಣಿಗೆ ಓದುವ ಕೆಲಸ ಕೊಡುತ್ತಾರೆ ಅಂದೆನಲ್ಲ, ಇಲ್ಲಿ ಕಣ್ಣಿಗೆ ಬೇರೆ ಕೆಲಸ ಆಗಲೇ ಇದೆ. ಕಾರನ್ನು ಕಾಯಬೇಕು. ಅದು ಗೋಡೆ ಮರೆಗೆ ಹೋದರೆ ಎಲ್ಲಿ ಹೋಯಿತು ಅಂತ ಹುಡುಕಬೇಕು. ರೇಡಿಯೋ ಸದ್ದು ಹತ್ತಿರ ಬಂತಾ ಅಂತ ಕೇಳಬೇಕು. ಅಷ್ಟರಲ್ಲಿ ಒಂದು ಹೆಸರು ಬಂದು ಅಡ್ಡ ನಿಂತರೆ ಬಾಂಬೇ ಮರೆತುಹೋಗುತ್ತದೆ. ಹೆಸರು ಇದ್ದರೆ ತಡ ಆಗಿ ಚಡಪಡಿಕೆ ಜಾಸ್ತಿ ಅನ್ನುವವರೂ ಇದ್ದಾರೆ, ಅದನ್ನು ನಾನು ಒಪ್ಪುವುದಿಲ್ಲ. ನೋಡಲು ಏನೂ ಇಲ್ಲದಿದ್ದಾಗ ಹೆಸರು ಕೊಡಿ. ನೋಡಲೇಬೇಕಾದ್ದು ಇದ್ದಾಗ ಹೆಸರು ಕಾಯಲಿ.

ಪ್ರಶ್ನೆ: ಕನ್ನಡದಲ್ಲಿ ಇಂಥ ಶಿಸ್ತು ಯಾರಲ್ಲಿ ಕಂಡಿರಿ?
– ರೈತರು, ಕೆ.ಆರ್. ಪೇಟೆ

ಉತ್ತರ: ಥ್ರಿಲ್ಲರ್ ವಿಷಯಕ್ಕೆ ನನಗೆ ಮೊದಲು ನೆನಪಾಗುವುದು ಸುನೀಲ್ ಕುಮಾರ್ ದೇಸಾಯಿ. 1989ರ ‘ತರ್ಕ’, ಆಮೇಲೆ 1993ರ ‘ನಿಷ್ಕರ್ಷ’, ಎರಡರಲ್ಲೂ ಹಾಡಿಲ್ಲ. ಆ ಕಾಲದಲ್ಲಿ ಹಾಡಿಲ್ಲದ ಸಿನಿಮಾ ಅಂದರೆ ಎದೆಗಾರಿಕೆ ಬೇಕಿತ್ತು. ಹಾಡು ತೆಗೆದರೆ ಜನ ಎದ್ದು ಬೀಡಿ ಸೇದಿ ಬರುವ ಜಾಗವೇ ಇರುವುದಿಲ್ಲ. ಟೈಟಲ್‌ನಲ್ಲಿ ಕಟ್ಟಿದ ಬಿಗಿ ಸಡಿಲ ಆಗದೆ ಮುಂದಕ್ಕೆ ಹೋಗುತ್ತದೆ. ಟೈಟಲ್ ಎಷ್ಟೇ ಚೆನ್ನಾಗಿದ್ದರೂ ಹತ್ತನೇ ನಿಮಿಷಕ್ಕೆ ಒಂದು ಕುಣಿತದ ಹಾಡು ಬಂದರೆ ಎಲ್ಲ ನೀರುಪಾಲು.

ಪ್ರಶ್ನೆ: ಒಟಿಟಿಯಲ್ಲಿ ‘ಸ್ಕಿಪ್’ ಬಟನ್ ಒತ್ತುತ್ತೇನೆ. ತಪ್ಪಾ?
– ಗೃಹಿಣಿ, ಶ್ರೀರಂಗಪಟ್ಟಣ

ಉತ್ತರ: ಧಾರಾವಾಹಿಯಾದರೆ ಮೊದಲ ಕಂತಿನಲ್ಲಿ ಒತ್ತಬೇಡಿ ತಾಯಿ, ಕೊನೆಯ ಕಂತಿನಲ್ಲೂ ಒತ್ತಬೇಡಿ. ಮೊದಲು ಅರ್ಥವಾಗದ ಚಿತ್ರಗಳು ಕಥೆ ಗೊತ್ತಾದ ಮೇಲೆ ಬೇರೆಯೇ ಕಾಣುತ್ತವೆ. ನಡುವಿನವು ನಿಮ್ಮ ಇಷ್ಟ. ಸಿನಿಮಾದಲ್ಲಿ ಮಾತ್ರ ಯಾವತ್ತೂ ಬೇಡ.

ಪ್ರಶ್ನೆ: ಕೊಲೆಗಾರನ ಪಾತ್ರ ಮಾಡಿದ ನಟನ ಹೆಸರು ಟೈಟಲ್‌ನಲ್ಲೇ ಬಂದರೆ ಗುಟ್ಟು ರಟ್ಟಾಗುವುದಿಲ್ಲವೇ?
– ಕೆಎಸ್ಆರ್‌ಟಿಸಿ ಕಂಡಕ್ಟರ್, ಪಾಂಡವಪುರ

ಉತ್ತರ: ಆಗುತ್ತದೆ. ದೊಡ್ಡ ನಟನ ಹೆಸರು ಟೈಟಲ್‌ನಲ್ಲಿ ಓದಿ, ಅರ್ಧ ಸಿನಿಮಾ ಆದರೂ ಅವನು ಕಾಣದಿದ್ದರೆ ‘ಓ, ಇವನೇ’ ಅಂತ ಬಾಲ್ಕನಿಯವರು ಲೆಕ್ಕ ಹಾಕಿಬಿಡುತ್ತಿದ್ದರು. 1995ರ ‘ಸೆವೆನ್’ ಮಾಡಿದವರಿಗೆ ಇದು ಗೊತ್ತಿತ್ತು. ಕೈಲ್ ಕೂಪರ್ ಮಾಡಿದ ಆ ಟೈಟಲ್ ಪೂರ್ತಿ ಕೊಲೆಗಾರನದೇ, ಆದರೆ ಬರೀ ಕೈಗಳು. ಬ್ಲೇಡಿನಿಂದ ಬೆರಳ ತುದಿಯ ಚರ್ಮ ಸವರಿ ತೆಗೆಯುತ್ತವೆ. ಹಾಳೆಗಳಿಗೆ ದಾರ ಹಾಕಿ ಹೊಲಿದು ನೋಟ್‌ಬುಕ್ ಕಟ್ಟುತ್ತವೆ. ಡಾಲರ್ ನೋಟಿನಿಂದ ದೇವರ ಹೆಸರು ಕತ್ತರಿಸಿ ತೆಗೆಯುತ್ತವೆ. ಹೆಸರುಗಳನ್ನು ಕೈಯಲ್ಲೇ ಗೀಚಿದ್ದು, ನೆಟ್ಟಗೆ ನಿಲ್ಲದೆ ಎಗರಾಡುತ್ತವೆ. ಎಷ್ಟು ತಾಳ್ಮೆಯ ಮನುಷ್ಯ ಇವನು, ಎಷ್ಟು ದಿನದಿಂದ ಕೂತು ಇದನ್ನು ಮಾಡುತ್ತಿದ್ದಾನೆ ಅಂತ ಗೊತ್ತಾಗುತ್ತದೆ. ಆದರೆ ಆ ಕೈಗಳಿಗೆ ಮುಖ ಸಿಗುವುದು ಬಹಳ ತಡವಾಗಿ.

ಆ ಪಾತ್ರದ ನಟ ಆಗ ಹೆಸರಾಂತರೇ. ಆದರೂ ಶುರುವಿನ ಹೆಸರುಗಳಲ್ಲಿ ಅವರ ಹೆಸರೇ ಇಲ್ಲ. ಸಿನಿಮಾ ಮುಗಿದ ಮೇಲೆ ಬರುವ ಹೆಸರುಗಳಲ್ಲಿ ಎಲ್ಲರಿಗಿಂತ ಮೊದಲು ಬರುತ್ತದೆ. ಆಮೇಲೆ ಉಳಿದ ಹೆಸರುಗಳು ಮಾಮೂಲಿನಂತೆ ಕೆಳಗಿನಿಂದ ಮೇಲಕ್ಕೆ ಹೋಗದೆ, ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಆ ನಟ ಯಾರು ಅಂತ ನಾನೂ ಇಲ್ಲಿ ಬರೆಯುವುದಿಲ್ಲ. ಡ್ಯೂಟಿ ಇಲ್ಲದ ದಿನ ರಾತ್ರಿ ಲೈಟು ಆರಿಸಿ ಸಿನಿಮಾ ಹಾಕಿ, ಶುರುವಿನಿಂದ ನೋಡಿ.